‘ಬೈಬಲ್‌ನಲ್ಲಿ ಎಲ್ಲಿದೆ, ತೋರಿಸಿ’ ಎಂದು ಸೊಸೆ ಕೇಳಿದಾಗ

ಪ್ರಶ್ನೆ: ನನಗೆ 61 ವರ್ಷ. ಹಾಸನದ ಕಡೆಯವಳು. ನಾವು ತಲೆತಲಾಂತರದಿಂದ ಕ್ಯಾಥೊಲಿಕರು. ಮಗ ಬೆಂಗಳೂರಿನಲ್ಲಿದ್ದಾನೆ. ಎರಡು ವರ್ಷದ ಹಿಂದೆ ಅವನೇ ಮೆಚ್ಚಿದ ಹುಡುಗಿಯ ಜೊತೆ ನಮ್ಮ ಚರ್ಚಿನಲ್ಲೇ ಮದುವೆ ಮಾಡಿದೆವು. ಸೊಸೆ ಒಳ್ಳೆಯವಳು. ಆದರೆ ಅವಳು ಹೋಗುವುದು ಬೇರೆ ಪ್ರಾರ್ಥನಾ ಸಭೆಗೆ. ಈಗ ಮೊಮ್ಮಗಳಿಗೆ ಐದು ತಿಂಗಳು. ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಯಾವಾಗ ಎಂದು ಕೇಳಿದರೆ, ‘ಅತ್ತೆ, ಹಾಲು ಕುಡಿಯೋ ಮಗೂಗೆ ದೀಕ್ಷಾಸ್ನಾನ ಕೊಡಬೇಕು ಅಂತ ಬೈಬಲ್‌ನಲ್ಲಿ ಎಲ್ಲಿದೆ ತೋರಿಸಿ’ ಅನ್ನುತ್ತಾಳೆ. ನಿಮ್ಮ ಚರ್ಚು ಬೈಬಲ್‌ಗೆ ಏಳು ಪುಸ್ತಕ ಸೇರಿಸಿದೆ, ಜನ ಬೈಬಲ್ ಓದದ ಹಾಗೆ ಮಾಡಿತ್ತು ಎಂದೂ ಹೇಳುತ್ತಾಳೆ. ನಮ್ಮ ಫಾದರ್‌ನ ಕೇಳಿದೆ. ‘ಚರ್ಚ್ ಇಲ್ಲದಿದ್ದರೆ ಬೈಬಲ್ಲೇ ಇರುತ್ತಿರಲಿಲ್ಲ ಅಂತ ಹೇಳಿ’ ಎಂದರು. ಹಾಗೇ ಹೇಳಿದೆ, ಜಗಳ ಜಾಸ್ತಿ ಆಯಿತು. ಮಗ ಬಾಯಿ ಬಿಡುವುದಿಲ್ಲ. ಬೈಬಲ್ ದೊಡ್ಡದಾ, ಚರ್ಚು ದೊಡ್ಡದಾ? ಮಗು ನನ್ನ ಹತ್ತಿರ ಇರುವಾಗ ಯಾರಿಗೂ ಹೇಳದೆ ನಾನೇ ತಲೆಗೆ ನೀರು ಹಾಕಿ ಮಂತ್ರ ಹೇಳಿದರೆ ಆಗುತ್ತದಾ?

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಬೇಡ. ಗುಟ್ಟಾಗಿ ನೀರು ಹಾಕಬೇಡಿ. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಅಲ್ಲಿಯವರೆಗೆ ಕೈ ಕಟ್ಟಿಕೊಂಡು ಕೂತಿರಿ.

ನನ್ನ ಬಗ್ಗೆಯೂ ಒಂದು ಮಾತು ಹೇಳಿಬಿಡಬೇಕು. ನಾನು ಹುಟ್ಟಿದ್ದು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರಾಟೆಸ್ಟಂಟ್ ಸಭೆಯ ಮನೆಯಲ್ಲಿ. ನನ್ನ ಹೆಂಡತಿ ಕ್ಯಾಥೊಲಿಕ್. ಮೂವತ್ತು ವರ್ಷ ಚರ್ಚಿನ ಇತಿಹಾಸ ಪಾಠ ಮಾಡಿದೆ. ಮನೆಯಲ್ಲಿ ಅದರ ಇಮ್ಮಡಿ ಪಾಠ ಕೇಳಿದೆ. ಹಾಗಾಗಿ ನೀವು ಬರೆದ ಜಗಳ ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ.

ನಿಮ್ಮ ಪ್ರಶ್ನೆಯ ಹಿಂದೆ ಒಂದು ಅಂಜಿಕೆ ಇದೆ ಅನ್ನಿಸಿತು. ಸೊಸೆ ಕೇಳಿದ್ದು ಒಂದು ವಾಕ್ಯ. ನಿಮಗೆ ಕೇಳಿಸಿದ್ದು, ‘ನೀವು ಇಷ್ಟು ವರ್ಷ ಮಾಡಿದ್ದೆಲ್ಲ ತಪ್ಪು’ ಅಂತ. ಜಪಸರ, ಪೂಜೆ, ತೀರಿಕೊಂಡವರಿಗೆ ಮಾಡಿಸಿದ ಪ್ರಾರ್ಥನೆ, ಎಲ್ಲವೂ. ಮೊಮ್ಮಗಳು ನಿಮ್ಮವಳಾಗಿ ಬೆಳೆಯುವುದಿಲ್ಲವೇನೋ ಎಂಬ ಸಂಕಟ ಬೇರೆ. ಇದನ್ನು ಒಂದು ವಾಕ್ಯ ತೋರಿಸಿ ಕಳೆಯಲು ಆಗುವುದಿಲ್ಲ. ಆದರೆ ಸುಳ್ಳು ಯಾವುದು, ನಿಜ ಯಾವುದು ಎಂದು ಬಿಡಿಸಿಕೊಂಡರೆ ಅರ್ಧ ಹಗುರಾಗುತ್ತದೆ.

ಮೊದಲು ಆ ಏಳು ಪುಸ್ತಕ. ನಿಮ್ಮ ಬೈಬಲ್‌ನಲ್ಲಿ 73 ಪುಸ್ತಕಗಳಿವೆ, ಸೊಸೆಯದರಲ್ಲಿ 66. ಹೊಸ ಒಡಂಬಡಿಕೆಯ 27 ಇಬ್ಬರಿಗೂ ಒಂದೇ. ವ್ಯತ್ಯಾಸ ಇರುವುದು ಹಳೆಯ ಒಡಂಬಡಿಕೆಯಲ್ಲಿ. ತೊಬಿತ, ಯೂದಿತ, ಜ್ಞಾನಗ್ರಂಥ, ಸಿರಾಖ, ಬಾರೂಕ, ಮಕ್ಕಬಿಯರ ಎರಡು ಪುಸ್ತಕ, ಜೊತೆಗೆ ಎಸ್ತೇರ್ ಮತ್ತು ದಾನಿಯೇಲರ ಪುಸ್ತಕಗಳಲ್ಲಿ ಒಂದಷ್ಟು ಭಾಗ. ಇವನ್ನು, ಪೋಪರನ್ನು ಎದುರಿಸಿ ಪ್ರಾಟೆಸ್ಟಂಟ್ ಚಳವಳಿ ಶುರು ಮಾಡಿದ ಜರ್ಮನ್ ಗುರು ಲೂಥರನ ಮೇಲಿನ ಸಿಟ್ಟಿಗೆ ಕ್ಯಾಥೊಲಿಕರು 1546ರಲ್ಲಿ ಸೇರಿಸಿದರು ಎಂದು ಸೊಸೆಯ ಕಡೆ ಹೇಳುತ್ತಾರೆ. ಅದು ನಿಜವಲ್ಲ. 397ರ ಕಾರ್ತೇಜ್ ಸಭೆಯ ಪಟ್ಟಿಯಲ್ಲೇ ಇವು ಇವೆ. 1546ರ ಏಪ್ರಿಲ್‌ನಲ್ಲಿ ಕ್ಯಾಥೊಲಿಕ್ ಬಿಷಪ್ಪರ ಟ್ರೆಂಟ್ ಮಹಾಸಭೆ ಮಾಡಿದ್ದು ಆ ಹಳೇ ಪಟ್ಟಿಗೆ ಮುದ್ರೆ ಒತ್ತಿದ ಕೆಲಸ. ಹಾಗಂತ ‘ಲೂಥರ್ ಏಳು ಪುಸ್ತಕ ಹರಿದು ಬಿಸಾಕಿದ’ ಎಂದು ನಿಮ್ಮ ಕಡೆ ಹೇಳುವುದೂ ನಿಜವಲ್ಲ. 1534ರ ಅವನ ಜರ್ಮನ್ ಬೈಬಲ್‌ನಲ್ಲಿ ಅವು ಇವೆ. ಎರಡು ಒಡಂಬಡಿಕೆಗಳ ನಡುವೆ ಬೇರೆಯಾಗಿ ಇಟ್ಟು, ಪವಿತ್ರ ಗ್ರಂಥಕ್ಕೆ ಸಮವಲ್ಲ, ಆದರೆ ಓದಲು ಒಳ್ಳೆಯವು ಎಂದು ಬರೆದ. ಈ ಅನುಮಾನ ಅವನಿಗೇ ಮೊದಲು ಬಂದದ್ದೂ ಅಲ್ಲ. ಲ್ಯಾಟಿನ್ ಬೈಬಲ್ ಮಾಡಿದ ಸಂತ ಜೆರೋಮರು ಹೀಬ್ರೂ ಭಾಷೆಯಲ್ಲಿ ಸಿಗುವ ಪುಸ್ತಕಗಳೇ ಪ್ರಮಾಣ ಎನ್ನುತ್ತಿದ್ದರು. ಸಂತ ಅಗಸ್ಟೀನರು ಒಪ್ಪಲಿಲ್ಲ. ಇಬ್ಬರೂ ನಿಮ್ಮ ಸಂತರೇ.

ಹಾಗಾದರೆ ಪ್ರಾಟೆಸ್ಟಂಟರು ಓದುವ ಕನ್ನಡ ಬೈಬಲ್ ‘ಸತ್ಯವೇದ’ದಲ್ಲಿ ಅವು ಯಾಕಿಲ್ಲ? ಇದರ ಹಿಂದೆ ದುಡ್ಡಿನ ವಿಚಾರವೂ ಇದೆ. 1611ರ ಇಂಗ್ಲಿಷ್ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ಕೂಡ ಈ ಪುಸ್ತಕಗಳಿದ್ದವು. ಲಂಡನ್ನಿನ ಬೈಬಲ್ ಸೊಸೈಟಿಯಲ್ಲಿ ಇದರ ಮೇಲೆ ದೊಡ್ಡ ಜಗಳವಾಗಿ, 1826ರಲ್ಲಿ ಆ ಪುಸ್ತಕಗಳ ಅಚ್ಚಿಗೆ ನಮ್ಮ ಹಣ ಹೋಗಬಾರದು ಎಂದು ನಿಯಮ ಮಾಡಿಕೊಂಡರು. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ಕೆಲಸದಿಂದ ಪೂರ್ತಿ ಕನ್ನಡ ಬೈಬಲ್ ಹೊರಬಂದದ್ದು 1830ರ ದಶಕದ ಆರಂಭದಲ್ಲಿ. ಅಷ್ಟೊತ್ತಿಗೆ ಆ ನಿಯಮ ಬಂದಾಗಿತ್ತು. ‘ನಮ್ಮ ಬೈಬಲ್ ಇರುವುದೇ ಇಷ್ಟು’ ಎಂದು ನಿಮ್ಮ ಸೊಸೆ ನಂಬಿಕೊಂಡು ಬಂದ ಪುಸ್ತಕದ ದಪ್ಪವನ್ನೂ ಒಂದು ಸಮಿತಿಯ ಮೀಟಿಂಗು ತೀರ್ಮಾನಿಸಿದೆ ಎಂದಾಯಿತು. ಇದನ್ನು ಅಣಕವಾಗಿ ಹೇಳುತ್ತಿಲ್ಲ. ನಾನು ಚಿಕ್ಕಂದಿನಿಂದ ಓದಿದ್ದೂ ಅದೇ ಪುಸ್ತಕ.

ಎರಡನೆಯದು, ಓದದ ಹಾಗೆ ಮಾಡಿದ್ದು. ಇದರಲ್ಲಿ ನಿಮ್ಮ ಸೊಸೆಯ ಮಾತಿಗೆ ತೂಕವಿದೆ, ಒಪ್ಪಿಕೊಳ್ಳಿ. 1564ರಲ್ಲಿ ರೋಮ್ ಹೊರಡಿಸಿದ ನಿಷೇಧಿತ ಪುಸ್ತಕಗಳ ನಿಯಮದ ಪ್ರಕಾರ, ಆಡುಮಾತಿನ ಬೈಬಲ್ ಓದಬೇಕಾದರೆ ಬಿಷಪ್ಪರ ಕಡೆಯಿಂದ ಬರಹದಲ್ಲಿ ಅಪ್ಪಣೆ ಬೇಕಿತ್ತು. 1757ರಲ್ಲಿ ಅದು ಸಡಿಲವಾಯಿತು. ಆದರೂ ಆ ಭಯ ಬಹಳ ಕಾಲ ಉಳಿಯಿತು. ನನ್ನ ಅತ್ತೆಯವರು, ಅಂದರೆ ನನ್ನ ಹೆಂಡತಿಯ ತಾಯಿ, ‘ನಮ್ಮ ಕಾಲದಲ್ಲಿ ಬೈಬಲ್ ಓದಿದರೆ ಪ್ರಾಟೆಸ್ಟಂಟ್ ಆಗ್ತಾರೆ ಅಂತಿದ್ರು’ ಎಂದು ನಗುತ್ತಿದ್ದರು.

ಆದರೆ ಚರ್ಚುಗಳಲ್ಲಿ ಬೈಬಲ್‌ಗೆ ಸರಪಳಿ ಹಾಕಿ ಜನರಿಂದ ಬಚ್ಚಿಟ್ಟಿದ್ದರು ಎನ್ನುವುದು ಬರೀ ಕಥೆ. ಕೈಬರಹದ ಪುಸ್ತಕಕ್ಕೆ ಒಂದು ಹೊಲದ ಬೆಲೆ ಇದ್ದ ಕಾಲ ಅದು. ಕಳ್ಳತನ ಆಗದಿರಲಿ ಎಂದು ಎಲ್ಲ ಬೆಲೆಬಾಳುವ ಪುಸ್ತಕಕ್ಕೂ ಸರಪಳಿ ಹಾಕುತ್ತಿದ್ದರು. ಲೂಥರನಿಗೆ ಮುಂಚೆಯೇ, 1466ರಲ್ಲೇ ಜರ್ಮನ್ ಬೈಬಲ್ ಅಚ್ಚಾಗಿತ್ತು. ಓದಬೇಡಿ ಎಂದವರು ರೋಮಿನವರು ಮಾತ್ರ ಎಂದೂ ಅಂದುಕೊಳ್ಳಬೇಡಿ. ಪೋಪರನ್ನು ಬಿಟ್ಟು ಹೊರಬಂದ ಇಂಗ್ಲೆಂಡಿನ ಎಂಟನೇ ಹೆನ್ರಿ ಪ್ರತಿ ಚರ್ಚಿನಲ್ಲೂ ಇಂಗ್ಲಿಷ್ ಬೈಬಲ್ ಇರಲಿ ಎಂದ. ಜನ ಓದಿ ವಾದ ಮಾಡಲು ಶುರು ಮಾಡಿದರು. 1543ರಲ್ಲಿ ಅದೇ ರಾಜನ ಪಾರ್ಲಿಮೆಂಟು ಸಾಮಾನ್ಯ ಹೆಂಗಸರು, ಕೂಲಿಯವರು, ಕೈಕಸುಬಿನವರು ಇಂಗ್ಲಿಷ್ ಬೈಬಲ್ ಓದಬಾರದು ಎಂದು ಕಾನೂನು ಮಾಡಿತು. ಪುಸ್ತಕ ಜನರ ಕೈಗೆ ಹೋದರೆ ಅಧಿಕಾರದಲ್ಲಿ ಇರುವವರಿಗೆ ಹೊಟ್ಟೆಯಲ್ಲಿ ನಡುಕ. ಅವರು ಯಾವ ಪಂಗಡದವರಾದರೂ ಅಷ್ಟೇ.

ಇನ್ನು ನಿಮ್ಮ ಫಾದರ್ ಹೇಳಿಕೊಟ್ಟ ಮಾತು. ‘ಚರ್ಚ್ ಇಲ್ಲದಿದ್ದರೆ ಬೈಬಲ್ ಇಲ್ಲ.’ ಇದು ಅರ್ಧ ಸರಿ. ಯೇಸು ಪುಸ್ತಕ ಬರೆಯಲಿಲ್ಲ. ಶಿಷ್ಯರನ್ನು ಕಳುಹಿಸಿದರು. ಪೌಲರು ಪತ್ರ ಬರೆದದ್ದು ಆಗಲೇ ಇದ್ದ ಸಭೆಗಳಿಗೆ. ನಿಮ್ಮ ಕೈಯಲ್ಲಿರುವ 27 ಪುಸ್ತಕಗಳ ಪಟ್ಟಿ ಹೆಚ್ಚು ಕಡಿಮೆ ಇಲ್ಲದೆ ಮೊದಲ ಸಲ ನಮಗೆ ಸಿಗುವುದು 367ರಲ್ಲಿ, ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ಬರೆದ ಈಸ್ಟರ್ ಪತ್ರದಲ್ಲಿ. ಅಂದರೆ ಯೇಸುವಿನ ನಂತರ ಮುನ್ನೂರು ವರ್ಷಕ್ಕೂ ಮೇಲೆ. ಅಲ್ಲಿಯವರೆಗೆ ಇಬ್ರಿಯರಿಗೆ ಬರೆದ ಪತ್ರ, ಯಾಕೋಬ, ಯೂದ, ಪೇತ್ರನ ಎರಡನೆಯ ಪತ್ರ, ಪ್ರಕಟನೆ ಇವುಗಳ ಬಗ್ಗೆ ಒಂದೊಂದು ಕಡೆ ಒಂದೊಂದು ಅಭಿಪ್ರಾಯ. ಕೇರಳದ ಸಿರಿಯನ್ ಕ್ರೈಸ್ತರ ಹಳೆಯ ಸಿರಿಯಾಕ್ ಬೈಬಲ್ ಆದ ಪೆಶಿತ್ತಾದಲ್ಲಿ ಹೊಸ ಒಡಂಬಡಿಕೆಯ ಪುಸ್ತಕ 22 ಮಾತ್ರ. ಇಥಿಯೋಪಿಯಾದವರು ಒಟ್ಟು 81 ಎನ್ನುತ್ತಾರೆ.

ಆದರೆ ಚರ್ಚು ಪುಸ್ತಕಗಳಿಗೆ ಅಧಿಕಾರ ಕೊಟ್ಟಿತು ಎಂದರೆ ತಪ್ಪಾಗುತ್ತದೆ. ಯಾವ ಸಭೆಯೂ ಕೂತು, ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಿಗೆ ಓಟು ಹಾಕಲಿಲ್ಲ. 325ರಲ್ಲಿ ಕಾನ್‌ಸ್ಟಂಟೈನ್ ರಾಜ ನೈಸಿಯಾದಲ್ಲಿ ಬೈಬಲ್ ಮಾಡಿಸಿದ ಎಂಬ ಕಥೆ ಸಿನಿಮಾ, ಕಾದಂಬರಿಗಳಿಂದ ಹಬ್ಬಿದ್ದು. ನೈಸಿಯಾದಲ್ಲಿ ಬೈಬಲ್ ಪಟ್ಟಿಯ ತೀರ್ಮಾನ ಆಗಲೇ ಇಲ್ಲ. ಅದಕ್ಕೂ ನೂರೈವತ್ತು ವರ್ಷ ಮೊದಲು, ಸುಮಾರು 180ರಲ್ಲಿ, ಲಿಯೋನಿನ ಬಿಷಪ್ ಐರೇನಿಯಸ್ ‘ಸುವಾರ್ತೆ ನಾಲ್ಕೇ’ ಎಂದು ಬರೆದಿದ್ದರು. ಆರಾಧನೆಯಲ್ಲಿ ಓದುತ್ತಾ ಓದುತ್ತಾ ಯಾವುದರಲ್ಲಿ ಅಪೊಸ್ತಲರ ಧ್ವನಿ ಕೇಳಿಸಿತೋ ಅದನ್ನು ಸಭೆಗಳು ಗುರುತಿಸಿದವು. ಸೂಲಗಿತ್ತಿ ಮಗುವನ್ನು ಕೈಗೆತ್ತಿ ಕೊಡುತ್ತಾಳೆ. ಅವಳಿಲ್ಲದಿದ್ದರೆ ಕಷ್ಟವಾಗುತ್ತಿತ್ತು. ಹಾಗಂತ ಅವಳು ತಾಯಿಯಲ್ಲ. ನಿಮ್ಮ ಮನೆಯಲ್ಲಿ ಜಗಳ ಜಾಸ್ತಿಯಾದದ್ದಕ್ಕೆ ಕಾರಣ ಇಷ್ಟೇ: ಸೂಲಗಿತ್ತಿ ದೊಡ್ಡವಳಾ, ಮಗು ದೊಡ್ಡದಾ ಎಂದು ನೀವಿಬ್ಬರೂ ಕಿತ್ತಾಡಿದಿರಿ.

ಬೈಬಲ್ ತಾನೇ ಏನು ಹೇಳುತ್ತದೆ? ಸೊಸೆ 2 ತಿಮೊಥೆಯ 3:16 ತೋರಿಸಿರಬೇಕು. ದೈವಪ್ರೇರಿತವಾದ ಪ್ರತಿಯೊಂದು ಶಾಸ್ತ್ರವೂ ಉಪದೇಶಕ್ಕೆ, ತಿದ್ದುವಿಕೆಗೆ ಉಪಯುಕ್ತ ಎಂಬ ಮಾತು. ಸರಿಯಾದ ಮಾತೇ. ಆದರೆ ಅದು ‘ಇದೊಂದೇ ಸಾಕು’ ಎಂದು ಹೇಳುವುದಿಲ್ಲ. ಅದರ ಹಿಂದಿನ ವಾಕ್ಯ ತಿಮೊಥೆಯನು ಬಾಲ್ಯದಿಂದ ಕಲಿತ ಗ್ರಂಥಗಳ ಬಗ್ಗೆ ಇದೆ. ಅವನು ಬಾಲಕನಾಗಿದ್ದಾಗ ಸುವಾರ್ತೆಗಳು ಇನ್ನೂ ಬರೆದಾಗಿರಲಿಲ್ಲ. 2 ಥೆಸಲೊನೀಕ 2:15ರಲ್ಲಿ ಪೌಲರು, ಬಾಯಿಮಾತಿನಿಂದಾಗಲಿ ಪತ್ರದಿಂದಾಗಲಿ ಕಲಿತದ್ದನ್ನು ಹಿಡಿದುಕೊಳ್ಳಿ ಎನ್ನುತ್ತಾರೆ. ಇದು ನಿಮ್ಮ ಕಡೆಯ ವಾಕ್ಯ. ಕೂಡಲೇ ಗೆದ್ದೆ ಎಂದುಕೊಳ್ಳಬೇಡಿ. ಮಾರ್ಕ 7ರಲ್ಲಿ ಯೇಸು, ನಿಮ್ಮ ಸಂಪ್ರದಾಯಕ್ಕಾಗಿ ದೇವರ ಮಾತನ್ನೇ ರದ್ದು ಮಾಡುತ್ತೀರಿ ಎಂದು ಧಾರ್ಮಿಕ ಮುಖಂಡರಿಗೆ ಬೈಯುತ್ತಾರೆ. ಆ ಬೈಗುಳ ಯಾವ ಕಾಲದ ಮುಖಂಡರಿಗೂ ಅನ್ವಯಿಸುತ್ತದೆ.

ನನಗೆ ಹೆಚ್ಚು ಬೆಳಕು ಕೊಟ್ಟ ಭಾಗ ಅಪೊಸ್ತಲರ ಕೃತ್ಯಗಳು 15. ನಿಮ್ಮಲ್ಲಿ ಅದಕ್ಕೆ ಪ್ರೇಷಿತರ ಕಾರ್ಯಕಲಾಪಗಳು ಎಂದು ಹೆಸರು. ಯೆಹೂದ್ಯರಲ್ಲದವರು ಸಭೆಗೆ ಸೇರಬೇಕಾದರೆ ಸುನ್ನತಿ ಮಾಡಿಸಿಕೊಳ್ಳಬೇಕಾ ಎಂಬ ಜಗಳ. ಕೈಯಲ್ಲಿದ್ದ ಶಾಸ್ತ್ರದಲ್ಲಿ ಸುನ್ನತಿ ಬೇಕು ಎಂದು ಸ್ಪಷ್ಟವಾಗಿ ಇತ್ತು. ಹಿರಿಯರು ಯೆರೂಸಲೇಮಿನಲ್ಲಿ ಕೂಡಿದರು. ಪೇತ್ರ ತಾನು ಕಣ್ಣಾರೆ ಕಂಡದ್ದನ್ನು ಹೇಳಿದ. ಯಾಕೋಬ ಆಮೋಸ ಪ್ರವಾದಿಯ ಮಾತನ್ನು ಎತ್ತಿ ತೋರಿಸಿದ. ಕೊನೆಗೆ, ಪವಿತ್ರಾತ್ಮನಿಗೂ ನಮಗೂ ಹೀಗೆ ಸರಿ ಕಂಡಿತು ಎಂದು ಪತ್ರ ಬರೆದರು. ಇದರಲ್ಲಿ ಬರೀ ಪುಸ್ತಕವೂ ಇಲ್ಲ, ಬರೀ ಸಭೆಯ ಅಪ್ಪಣೆಯೂ ಇಲ್ಲ. ಕೂಡಿ ಕೂತವರು ಪುಸ್ತಕವನ್ನು ಮುಂದಿಟ್ಟುಕೊಂಡು ತೀರ್ಮಾನ ಮಾಡಿದರು.

ಹಾಗಾದರೆ ‘ಬೈಬಲ್ ಮಾತ್ರ’ ಎಂಬ ಘೋಷಣೆ ಎಲ್ಲಿಂದ ಬಂತು? 1519ರಲ್ಲಿ ಲೈಪ್‌ಜಿಗ್‌ನ ವಾದದಲ್ಲಿ ಲೂಥರನನ್ನು ಎದುರಾಳಿ ಎಕ್ ಮೂಲೆಗೆ ಒತ್ತಿದ. ಪೋಪ್ ತಪ್ಪಬಹುದು ಎನ್ನುತ್ತೀಯ, ಮಹಾಸಭೆಗಳೂ ತಪ್ಪಬಹುದಾ ಎಂದು. ಲೂಥರ್ ಹೌದು ಎಂದುಬಿಟ್ಟ. ಎರಡು ವರ್ಷದ ನಂತರ ವರ್ಮ್ಸ್‌ನಲ್ಲಿ ಚಕ್ರವರ್ತಿಯ ಎದುರು, ಶಾಸ್ತ್ರದಿಂದ ಇಲ್ಲವೇ ಸ್ಪಷ್ಟವಾದ ಕಾರಣದಿಂದ ಮನವರಿಕೆ ಮಾಡಿಕೊಡದೆ ಮಾತು ಹಿಂತೆಗೆದುಕೊಳ್ಳುವುದಿಲ್ಲ ಎಂದ. ಪಾಪದ ದಂಡನೆಗೆ ಮಾಫಿ ಪತ್ರ ಮಾರಿ ದುಡ್ಡು ಎತ್ತುತ್ತಿದ್ದ ಕಾಲ. ಹೇಳಲೇಬೇಕಾದ ಮಾತು ಅದು. ಆದರೆ ಗಮನಿಸಿ, ಲೂಥರ್ ಹಳೆಯ ವಿಶ್ವಾಸ ಪ್ರಮಾಣಗಳನ್ನು ಬಿಡಲಿಲ್ಲ. ಶಿಶುಗಳ ದೀಕ್ಷಾಸ್ನಾನವನ್ನೂ ಬಿಡಲಿಲ್ಲ. ಅವನ ಮಾತಿನ ಅರ್ಥ, ಕೊನೆಯ ತೀರ್ಪು ಶಾಸ್ತ್ರದ್ದು ಅಂತ. ಶಾಸ್ತ್ರ ಬಿಟ್ಟರೆ ಬೇರೇನೂ ಇಲ್ಲ ಅಂತ ಅಲ್ಲ. ಇವೆರಡರ ನಡುವಿನ ಅಂತರ ಇವತ್ತಿನ ಎಷ್ಟೋ ಸಭೆಗಳಲ್ಲಿ ಕಳೆದುಹೋಗಿದೆ.

ಕೊನೆಯ ತೀರ್ಪು ಶಾಸ್ತ್ರದ್ದು ಎನ್ನುವುದೇನೋ ಸರಿ. ಶಾಸ್ತ್ರ ಏನು ಹೇಳಿತು ಎಂದು ಓದಿ ಹೇಳುವವರು ಯಾರು? ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಿಮ್ಮ ಮನೆಯ ವಿಷಯವೇ ಅಲ್ಲಿಯೂ ಜಗಳದ ಮೂಲ.

1523ರ ಜನವರಿಯಲ್ಲಿ ಜ್ಯೂರಿಕ್ ನಗರಸಭೆ ಒಂದು ಬಹಿರಂಗ ಚರ್ಚೆ ಏರ್ಪಡಿಸಿತು. ಬೈಬಲ್ ಮಾತ್ರ ಪ್ರಮಾಣ ಎಂದು ಒಪ್ಪಿದರು. ಅಲ್ಲಿನ ಬೋಧಕ, ಸುಧಾರಕ ಸ್ವಿಂಗ್ಲಿ ಗೆದ್ದ. ಅವನ ಶಿಷ್ಯರಲ್ಲಿ ಕಾನ್ರಾಡ್ ಗ್ರೇಬೆಲ್, ಫೆಲಿಕ್ಸ್ ಮಾಂಜ್ ಎಂಬ ಓದಿದ ಹುಡುಗರಿದ್ದರು. ಅವರು ಅದೇ ಬೈಬಲ್ ಓದಿ, ಶಿಶುಗಳ ದೀಕ್ಷಾಸ್ನಾನ ಇದರಲ್ಲಿ ಎಲ್ಲಿದೆ ತೋರಿಸಿ ಎಂದರು. ಅಕ್ಷರಶಃ ನಿಮ್ಮ ಸೊಸೆಯ ಪ್ರಶ್ನೆ! ಸ್ವಿಂಗ್ಲಿ ಇದೆ ಎಂದ, ಅವರು ಇಲ್ಲ ಎಂದರು. ತೀರ್ಪು ಕೊಟ್ಟದ್ದು ನಗರಸಭೆ. ಎಂಟು ದಿನದೊಳಗೆ ಶಿಶುಗಳಿಗೆ ದೀಕ್ಷಾಸ್ನಾನ ಆಗಲೇಬೇಕು ಎಂದು ಆಜ್ಞೆಯಾಯಿತು. 1525ರ ಜನವರಿ 21ರಂದು ಆ ಹುಡುಗರು ಒಂದು ಮನೆಯಲ್ಲಿ ಸೇರಿ ಒಬ್ಬರಿಗೊಬ್ಬರು ಮತ್ತೆ ದೀಕ್ಷಾಸ್ನಾನ ಕೊಟ್ಟುಕೊಂಡರು. ಎರಡು ವರ್ಷದಲ್ಲಿ, 1527ರ ಜನವರಿ 5ರಂದು, ಫೆಲಿಕ್ಸ್ ಮಾಂಜ್‌ನನ್ನು ಕೈ ಕಟ್ಟಿ ಲಿಮ್ಮಾಟ್ ಹೊಳೆಯಲ್ಲಿ ಮುಳುಗಿಸಿ ಕೊಂದರು. ಪೋಪರಿಗೂ ಇದಕ್ಕೂ ಸಂಬಂಧವಿಲ್ಲ. ಕೊಂದವರು, ಸತ್ತವನು, ಇಬ್ಬರೂ ಬೈಬಲ್ ಮಾತ್ರ ಎನ್ನುವವರೇ. 2004ರಲ್ಲಿ ಜ್ಯೂರಿಕ್‌ನ ಚರ್ಚು ಆ ಹೊಳೆಯ ದಡದಲ್ಲಿ ಫಲಕ ನೆಟ್ಟು ಕ್ಷಮೆ ಕೇಳಿತು.

ಈ ಕಥೆಯನ್ನು ಹಿಡಿದುಕೊಂಡು ಸೊಸೆಗೆ ಹೊಡೆಯಲು ಹೋಗಬೇಡಿ. ನಿಮ್ಮ ಕಡೆಯೂ ಸುಟ್ಟವರ ಪಟ್ಟಿ ಉದ್ದವಿದೆ. ನಾನು ಹೇಳುವುದು ಇಷ್ಟು: ಬೈಬಲ್ ಮಾತ್ರ ಎನ್ನುವ ಕಡೆಯೂ ಯಾರೋ ಒಬ್ಬರು ಅರ್ಥ ಹೇಳುತ್ತಿರುತ್ತಾರೆ. ಅಲ್ಲಿ ನಗರಸಭೆ. ನಿಮ್ಮ ಸೊಸೆಯ ಸಭೆಯಲ್ಲಿ ಪಾಸ್ಟರ್. ನೀರಿನಲ್ಲಿ ಮುಳುಗಿಸಿಯೇ ದೀಕ್ಷಾಸ್ನಾನ ಕೊಡಬೇಕು, ಬುದ್ಧಿ ಬಂದ ಮೇಲೆಯೇ ಕೊಡಬೇಕು ಎಂಬುದೂ ತಲೆಮಾರಿನಿಂದ ತಲೆಮಾರಿಗೆ ಬಂದ ಓದು. ಅದೂ ಪರಂಪರೆಯೇ. ಹೆಸರು ಮಾತ್ರ ಹಾಗೆ ಇಟ್ಟುಕೊಂಡಿಲ್ಲ.

ಕ್ಯಾಥೊಲಿಕರು ಹೇಳುವುದು ಬೇರೆ. ಸುವಾರ್ತೆ ನಮಗೆ ಬಂದದ್ದು ಬರೆದ ಪುಸ್ತಕದಲ್ಲೂ, ಬರೆಯದೆ ಬಂದ ಪರಂಪರೆಯಲ್ಲೂ. ಟ್ರೆಂಟ್ ಸಭೆಯ ಮೊದಲ ಕರಡಿನಲ್ಲಿ ‘ಒಂದು ಪಾಲು ಇಲ್ಲಿ, ಒಂದು ಪಾಲು ಅಲ್ಲಿ’ ಎಂದಿತ್ತು. ಕೊನೆಗೆ ಅದನ್ನು ತೆಗೆದು ಸುಮ್ಮನೆ ‘ಮತ್ತು’ ಎಂದು ಬರೆದರು. ಸಣ್ಣ ಪದ, ಆದರೆ ನನ್ನಂಥವರಿಗೆ ಒಂದು ತಿಂಗಳ ಪಾಠ. 1965ರ ನವೆಂಬರ್ 18ರಂದು ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ದೇಯಿ ವೆರ್ಬುಮ್ ಎಂಬ ದಾಖಲೆ ಇನ್ನೂ ಸ್ಪಷ್ಟ. ಅರ್ಥ ಹೇಳುವ ಅಧಿಕಾರ ಧರ್ಮಸಭೆಯ ಗುರುಪೀಠದ್ದು, ಅಂದರೆ ಪೋಪ್ ಮತ್ತು ಬಿಷಪ್ಪರದ್ದು. ಆದರೆ ಆ ಗುರುಪೀಠ ದೇವರ ಮಾತಿನ ಮೇಲೆ ಇಲ್ಲ, ಅದರ ಸೇವೆಯಲ್ಲಿದೆ. ಇದು ನನ್ನ ಮಾತಲ್ಲ, ರೋಮಿನದೇ. ಎಲ್ಲ ವಿಶ್ವಾಸಿಗಳಿಗೂ ಬೈಬಲ್ ಸುಲಭವಾಗಿ ಸಿಗಬೇಕು ಎಂದೂ ಅದರಲ್ಲೇ ಇದೆ. ‘ಚರ್ಚು ಬೈಬಲ್‌ಗಿಂತ ದೊಡ್ಡದು’ ಎಂದು ನೀವು ವಾದ ಮಾಡಿದರೆ ನಿಮ್ಮ ಚರ್ಚಿನ ಬೋಧನೆಗೇ ವಿರುದ್ಧ ಮಾತಾಡಿದಂತೆ.

ಪೋಪ್ ಬಾಯಿಂದ ಬಂದದ್ದೆಲ್ಲ ತಪ್ಪಾಗದ ಮಾತು ಎಂದು ಕ್ಯಾಥೊಲಿಕರು ನಂಬುತ್ತಾರೆ ಎಂದು ಸೊಸೆ ಹೇಳಿದ್ದರೆ, ಅದೂ ತಪ್ಪು ತಿಳಿವಳಿಕೆ. 1870ರಲ್ಲಿ ಆದ ಆ ನಿರ್ಣಯಕ್ಕೆ ಬಿಗಿಯಾದ ಷರತ್ತುಗಳಿವೆ. ಆಮೇಲೆ ಆ ಅಧಿಕಾರವನ್ನು ಹೀಗೆಂದು ಸಾರಿ ಬಳಸಿದ್ದು ಒಂದೇ ಸಲ, 1950ರಲ್ಲಿ, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ವಿಷಯದಲ್ಲಿ. ಆ ವಿಷಯಕ್ಕೆ ಬೈಬಲ್‌ನಲ್ಲಿ ನೇರ ವಾಕ್ಯ ಇಲ್ಲ ಎನ್ನುವುದೂ ನಿಜ. ನನ್ನಂಥವರಿಗೆ ಇವತ್ತಿಗೂ ಅಡ್ಡ ಬರುವುದು ಅಲ್ಲೇ. ಮುಚ್ಚಿಟ್ಟು ಏನು ಪ್ರಯೋಜನ?

ಪರಂಪರೆ ಎಂದರೆ ಎಲ್ಲವೂ ಒಂದೇ ತೂಕದ್ದಲ್ಲ. ಸೆಪ್ಟೆಂಬರ್ 8ರಂದು ಮಂಗಳೂರಿನ ಕಡೆ ಮರಿಯಮ್ಮನವರ ಹುಟ್ಟುಹಬ್ಬವಾದ ಮೊಂತಿ ಹಬ್ಬದಲ್ಲಿ ಹೊಸ ತೆನೆಗೆ ಆಶೀರ್ವಾದ ಮಾಡಿಸಿ, ಊಟಕ್ಕೆ ಸೇರಿಸಿ ಉಣ್ಣುತ್ತಾರೆ. ಮರಿಯಮ್ಮನವರ ಹುಟ್ಟಿನ ಕಥೆಯೂ ಅವರ ತಂದೆತಾಯಿಯ ಹೆಸರೂ ಬೈಬಲ್‌ನಲ್ಲಿ ಇಲ್ಲ. ಎರಡನೇ ಶತಮಾನದ ಬೇರೆ ಒಂದು ಬರಹದಲ್ಲಿವೆ. ತೆನೆ ಹಬ್ಬ ಮಾಡದಿದ್ದರೆ ಯಾರೂ ಕ್ಯಾಥೊಲಿಕ್ ಅಲ್ಲದವರಾಗುವುದಿಲ್ಲ. ಆದರೆ ಯೇಸು ದೇವರೂ ಹೌದು, ಮನುಷ್ಯರೂ ಹೌದು ಎಂಬ ನಂಬಿಕೆ ಹಾಗಲ್ಲ. 1963ರಲ್ಲಿ ಮಾಂಟ್ರಿಯಲ್‌ನಲ್ಲಿ ಸೇರಿದ ಪ್ರಾಟೆಸ್ಟಂಟ್, ಆರ್ಥೊಡಾಕ್ಸ್ ವಿದ್ವಾಂಸರೂ ಇದನ್ನೇ ಬಿಡಿಸಿ ಹೇಳಿದರು. ಸುವಾರ್ತೆಯೇ ಸಾಗಿಬಂದ ಒಂದು ದೊಡ್ಡ ಪರಂಪರೆ ಇದೆ, ಅದರ ಸುತ್ತ ಬೆಳೆದ ನೂರಾರು ಪದ್ಧತಿಗಳಿವೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ, ಸೊಸೆ ಒಂದು ಪದ್ಧತಿಯನ್ನು ಪ್ರಶ್ನಿಸಿದಾಗ ಇಡೀ ನಂಬಿಕೆಯೇ ಅಲ್ಲಾಡಿದ ಹಾಗೆ ನಿಮಗೆ ಅನ್ನಿಸುತ್ತದೆ.

ಇಷ್ಟು ಹೇಳಿದ ಮೇಲೆ ನಿಮ್ಮ ಪ್ರಶ್ನೆಯನ್ನು ನಾನು ಸ್ವಲ್ಪ ತಿರುಗಿಸಿ ಕೇಳುತ್ತೇನೆ. ಯಾವುದು ದೊಡ್ಡದು ಎಂದಲ್ಲ. ನನ್ನ ಓದು ತಪ್ಪು ಎಂದು ನನಗೆ ಹೇಳುವವರು ಯಾರು, ಅವರನ್ನು ತಿದ್ದುವವರು ಯಾರಾದರೂ ಇದ್ದಾರಾ? ಈ ಪ್ರಶ್ನೆಯನ್ನು ಫಾದರ್‌ಗೂ ಕೇಳಬಹುದು, ಪಾಸ್ಟರ್‌ಗೂ ಕೇಳಬಹುದು. ಫಾದರ್ ಮೇಲೆ ಬಿಷಪ್ ಇದ್ದಾರೆ, ಬರೆದಿಟ್ಟ ನಿಯಮ ಇದೆ. ಆ ವ್ಯವಸ್ಥೆ ತಪ್ಪನ್ನು ಮುಚ್ಚಿಹಾಕಿದ ಉದಾಹರಣೆಗಳೂ ಇವೆ. ಸ್ವತಂತ್ರ ಸಭೆಯ ಪಾಸ್ಟರ್ ಮೇಲೆ ಕೆಲವೊಮ್ಮೆ ಯಾರೂ ಇರುವುದಿಲ್ಲ. ಇದ್ದರೆ ಒಳ್ಳೆಯದು, ವಿಚಾರಿಸಿ.

ಈಗ ಮಗುವಿನ ವಿಷಯ. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಹಾಲುಗೂಸಿಗೆ ದೀಕ್ಷಾಸ್ನಾನ ಕೊಟ್ಟರು ಎಂದು ಹೊಸ ಒಡಂಬಡಿಕೆಯಲ್ಲಿ ನೇರವಾಗಿ ಎಲ್ಲೂ ಇಲ್ಲ. ಕೊಡಬಾರದು ಎಂದೂ ಇಲ್ಲ. ಲುದ್ಯಳಿಗೂ ಅವಳ ಮನೆಯವರಿಗೂ, ಸೆರೆಮನೆಯ ಅಧಿಕಾರಿಗೂ ಅವನ ಮನೆಯವರೆಲ್ಲರಿಗೂ ಆಯಿತು ಎಂದು ಅಪೊಸ್ತಲರ ಕೃತ್ಯಗಳು 16ರಲ್ಲಿದೆ. ಆ ಮನೆಗಳಲ್ಲಿ ಕೂಸು ಇತ್ತೋ ಇಲ್ಲವೋ ಬರೆದಿಲ್ಲ. ಸುಮಾರು 200ರಲ್ಲಿ ಕಾರ್ತೇಜಿನ ತೆರ್ತುಲಿಯನ್ ಎಂಬ ಲೇಖಕ, ಚಿಕ್ಕ ಮಕ್ಕಳಿಗೆ ಯಾಕೆ ಆತುರ, ತಡ ಮಾಡಿ ಎಂದು ಬರೆದ. ಬೇಡ ಎಂದು ವಾದಿಸಿದ ಎಂದರೆ ಆಗ ಕೊಡುತ್ತಿದ್ದರು ಎಂದಾಯಿತು, ಅಲ್ವಾ? ಎರಡೂ ಕಡೆಯವರಿಗೂ ಹಳೇ ಬೇರು ಇದೆ. 1970ರಲ್ಲಿ ಆದ ಚರ್ಚ್ ಆಫ್ ನಾರ್ತ್ ಇಂಡಿಯಾದಲ್ಲಿ, ಬುದ್ಧಿ ಬಂದ ಮೇಲೆಯೇ ದೀಕ್ಷಾಸ್ನಾನ ಎನ್ನುವ ಬ್ಯಾಪ್ಟಿಸ್ಟರೂ ಇದ್ದಾರೆ, ಶಿಶು ದೀಕ್ಷಾಸ್ನಾನದವರೂ ಇದ್ದಾರೆ. ಎರಡು ಪದ್ಧತಿಯೂ ಒಂದೇ ಸಭೆಯೊಳಗೆ ನಡೆಯುತ್ತದೆ.

ನಿಮ್ಮ ಮುಂದೆ ಇರುವ ದಾರಿಗಳು ಹೀಗಿವೆ. ಸೊಸೆ ಮನಸ್ಸಿನಿಂದ ಒಪ್ಪಿದರೆ ನಿಮ್ಮ ಚರ್ಚಿನಲ್ಲೇ ಮಾಡಿಸಬಹುದು. ಕ್ಯಾಥೊಲಿಕ್ ನಿಯಮದಂತೆ ತಂದೆತಾಯಿಯಲ್ಲಿ ಒಬ್ಬರಾದರೂ ಒಪ್ಪಬೇಕು, ಮಗು ಆ ವಿಶ್ವಾಸದಲ್ಲಿ ಬೆಳೆಯುತ್ತದೆ ಎಂಬ ಭರವಸೆಯೂ ಇರಬೇಕು. ಮಗನ ಒಪ್ಪಿಗೆ ಒಂದೇ ಇಟ್ಟುಕೊಂಡು ಸೊಸೆಯ ಮಾತು ಮೀರಿ ನಡೆಸಿದರೆ ಕಾಗದದಲ್ಲಿ ಸರಿಯಾಗಬಹುದು. ಮನೆಯಲ್ಲಿ ಸರಿಯಾಗುವುದಿಲ್ಲ. ನಾಳೆ ಅವಳ ಸಭೆಯವರು, ಅದು ಲೆಕ್ಕಕ್ಕಿಲ್ಲ, ದೊಡ್ಡವಳಾದ ಮೇಲೆ ಮತ್ತೆ ಕೊಡಬೇಕು ಎನ್ನಬಹುದು. ಆಗ ಮಗುವಿಗೆ ಗೊಂದಲ. ಅಂದಹಾಗೆ, ಮಗ ಮದುವೆಗೆ ಮುಂಚೆ ಒಂದು ಕಾಗದಕ್ಕೆ ಸಹಿ ಹಾಕಿರಬೇಕು. ಮಕ್ಕಳಿಗೆ ಕ್ಯಾಥೊಲಿಕ್ ದೀಕ್ಷಾಸ್ನಾನ ಕೊಡಿಸಲು ಕೈಲಾದಷ್ಟು ಪ್ರಯತ್ನಿಸುತ್ತೇನೆ ಎಂಬ ಮಾತು ಅದು. ಅದನ್ನು ಸೊಸೆಗೂ ತಿಳಿಸಿರಬೇಕು. ಮಗ ಈಗ ಬಾಯಿ ಬಿಡದಿರುವುದಕ್ಕೆ ಅದೂ ಕಾರಣ ಇರಬಹುದು. ಮಾತಾಡಬೇಕಾದವನು ಅವನು, ನೀವಲ್ಲ.

ಇನ್ನೊಂದು ದಾರಿ, ಸೊಸೆಯ ಸಭೆಯಲ್ಲಿ ಮಗುವಿನ ಸಮರ್ಪಣೆಯ ಪ್ರಾರ್ಥನೆ. ಅದು ದೀಕ್ಷಾಸ್ನಾನ ಅಲ್ಲ, ಆಮೇಲೆ ದೀಕ್ಷಾಸ್ನಾನಕ್ಕೆ ಅಡ್ಡಿಯೂ ಅಲ್ಲ. ಆದರೆ ಮಗ ಕೊಟ್ಟ ಮಾತು ಹಾಗೇ ಉಳಿಯುತ್ತದೆ, ನಿಮ್ಮ ಮನಸ್ಸೂ ನೋಯುತ್ತದೆ. ಮೂರನೆಯದು, ಸ್ವಲ್ಪ ಕಾಯುವುದು. ಆ ಹೊತ್ತಿನಲ್ಲಿ ಗಂಡ ಹೆಂಡತಿ ಇಬ್ಬರೂ ಫಾದರ್ ಹತ್ತಿರ ಒಮ್ಮೆ, ಪಾಸ್ಟರ್ ಹತ್ತಿರ ಒಮ್ಮೆ ಕೂತು ಮಾತಾಡಲಿ. ನಾನು ಕಂಡ ಮನೆಗಳಲ್ಲಿ ಇದೇ ಹೆಚ್ಚು ಫಲ ಕೊಟ್ಟಿದೆ. ಆದರೆ ಕೊನೆ ದಿನ ಇಲ್ಲದೆ ಕಾದರೆ, ಕಾಯುವುದೇ ತೀರ್ಮಾನವಾಗಿಬಿಡುತ್ತದೆ. ಈಸ್ಟರ್ ಒಳಗೆ ಎಂದೋ, ಮೊದಲ ಹುಟ್ಟುಹಬ್ಬದೊಳಗೆ ಎಂದೋ ಅವರೇ ಗಡುವು ಇಟ್ಟುಕೊಳ್ಳಲಿ.

ಈಗ ಆ ಗುಟ್ಟಿನ ನೀರು. ಪ್ರಾಣಾಪಾಯದ ಹೊತ್ತಿನಲ್ಲಿ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು ಎಂದು ನೀವು ಕೇಳಿರುತ್ತೀರಿ. ನಿಮ್ಮ ಮೊಮ್ಮಗಳು ದೇವರ ದಯೆಯಿಂದ ಚೆನ್ನಾಗಿದ್ದಾಳೆ. ತೊಂದರೆ ಏನೆಂದರೆ, ನೀರು ಹಾಕಿ ಪಿತ, ಸುತ, ಪವಿತ್ರಾತ್ಮರ ಹೆಸರು ಹೇಳಿದರೆ ಅದು ನಿಯಮ ಮೀರಿದ ಕೆಲಸವಾದರೂ ಆಗಿಹೋದಂತೆಯೇ. ದೀಕ್ಷಾಸ್ನಾನ ಎರಡು ಸಲ ಇಲ್ಲ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಅಜ್ಜಿ ಬಚ್ಚಲುಮನೆಯಲ್ಲಿ ಹೀಗೆ ಮಾಡಿದರು. ಎಂಟು ತಿಂಗಳ ನಂತರ ಸೊಸೆ ತಾನಾಗಿಯೇ ಒಪ್ಪಿ, ಚರ್ಚಿನಲ್ಲಿ ದಿನ ಗೊತ್ತಾಗಿ, ನೆಂಟರಿಗೆಲ್ಲ ಹೇಳಿಯೂ ಆಯಿತು. ಅಜ್ಜಿಗೆ ತಡೆಯಲಾಗದೆ ಹಿಂದಿನ ದಿನ ಪಾಪನಿವೇದನೆಯಲ್ಲಿ ಹೇಳಿಕೊಂಡರು. ಅಲ್ಲಿ ಕೇಳಿದ್ದನ್ನು ಗುರುಗಳು ಹೊರಗೆ ಹೇಳುವಂತಿಲ್ಲ. ಕೊನೆಗೆ ಅಜ್ಜಿಯೇ ಮಗ ಸೊಸೆಯ ಎದುರು ಕೂತು ಹೇಳಬೇಕಾಯಿತು. ಆ ಸೊಸೆ ಎರಡು ವರ್ಷ ಮಗುವನ್ನು ಅಜ್ಜಿಯ ಹತ್ತಿರ ಒಬ್ಬಳನ್ನೇ ಬಿಡಲಿಲ್ಲ.

ಸೊಸೆಯ ದೀಕ್ಷಾಸ್ನಾನ ಹೇಗಾಯಿತು ಎಂದೂ ಮಗನಿಗೆ ಗೊತ್ತಿರಬೇಕು. ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ನೀರಿನಿಂದ ಆಗಿದ್ದರೆ ನಿಮ್ಮ ಚರ್ಚು ಅದನ್ನು ಒಪ್ಪುತ್ತದೆ. ಕೆಲವು ಸಭೆಗಳಲ್ಲಿ ಯೇಸುವಿನ ಹೆಸರು ಮಾತ್ರ ಹೇಳುತ್ತಾರೆ, ಅದನ್ನು ಒಪ್ಪುವುದಿಲ್ಲ. ಮದುವೆಯ ಸಮಯದಲ್ಲಿ ಇದನ್ನು ಕೇಳಿಯೇ ಇರುತ್ತಾರೆ. ಅವಳೂ ಕ್ರೈಸ್ತಳೇ ಎಂದು ನಿಮ್ಮ ಚರ್ಚೇ ಒಪ್ಪಿದ್ದರೆ, ಅವಳನ್ನು ಹೊರಗಿನವಳ ಹಾಗೆ ಕಾಣುವ ಹಕ್ಕು ನಿಮಗೂ ಇಲ್ಲ, ನಮ್ಮಂಥವರಿಗೂ ಇಲ್ಲ.

ಮುಂದಿನ ಸಲ ಅವಳು ಎಲ್ಲಿದೆ ತೋರಿಸಿ ಎಂದರೆ, ‘ನೇರವಾಗಿ ಇಲ್ಲಮ್ಮ, ನೀನು ಹೇಳಿದ್ದು ನಿಜ. ಕೊಡಬಾರದು ಅಂತಲೂ ಇಲ್ಲ. ಇಬ್ಬರೂ ಓದೋಣ ಬಾ’ ಎನ್ನಿ. ಓದಲು ಅವಳ ಬೈಬಲ್ಲೇ ಇರಲಿ. ಅದು ಮುಗಿದ ಮೇಲೆ ನಿಮ್ಮ ಬೈಬಲ್ ತೆಗೆದು ಆ ಏಳು ಪುಸ್ತಕಗಳಲ್ಲಿ ಒಂದನ್ನು, ತೊಬಿತನ ಗ್ರಂಥವನ್ನು ತೋರಿಸಿ. ದೇವರ ವಾಕ್ಯ ಎಂದು ಒಪ್ಪಬೇಕಾಗಿಲ್ಲ, ಸುಮ್ನೆ ಕಥೆಯಾಗಿ ಓದಲಿ. ಲೂಥರನೇ ಓದಲು ಒಳ್ಳೆಯದು ಎಂದಿದ್ದ. ಮಗನ ಮದುವೆ, ದೂರದಿಂದ ಬರುವ ಸೊಸೆ, ಬಾಗಿಲಲ್ಲಿ ಕೂತು ದಾರಿ ಕಾಯುವ ಅತ್ತೆ ಎಲ್ಲ ಅದರಲ್ಲಿದ್ದಾರೆ. ಹದಿನಾಲ್ಕೇ ಅಧ್ಯಾಯ. ನಡುವೆ ಒಂದು ನಾಯಿಯೂ ಬರುತ್ತದೆ.